ಡಾಕ್ಟರಾಗುವ ಮುಂಚಿನ ನಾಲ್ಕು ವರ್ಷ



ಎರಡನೆಯ ಸಲದ ಔಷಧಿ ಸಿಂಪಡಣೆ, ಮೈಲುತುತ್ತದ ದಾಸ್ತಾನು ಇತ್ಯಾದಿ ವಿಷಯಗಳು ಬೇರೆ ಪುಟಗಳಲ್ಲಿ ಬಂದಿವೆ. ಈ ಪುಟದಲ್ಲಿ ತೋಟಕ್ಕೆ ನೇರವಾಗಿ ಸಂಬಂಧಿಸದ, ಆದರೆ ತೋಟದ ಹುಟ್ಟುವಳಿಯನ್ನೇ ನುಂಗುತ್ತಿರುವ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇವೆ. ಮಕ್ಕಳನ್ನು ಡಾಕ್ಟರು ಮಾಡಲೇಬೇಕೆಂಬ ನಮ್ಮ ಹಟವೇ ಆ ಸಂಗತಿ.

ಹೋದ ವರ್ಷಕ್ಕೂ ಹಿಂದಿನ ಕೊಯ್ಲಿನ ಕಾಲ. ನೆರೆಯ ಸದಸ್ಯರೊಬ್ಬರ ತಂಗಿಯ ಮಗಳು ಡಿಸೆಂಬರ್ ರಜೆಗೆಂದು ಅಮೆರಿಕದಿಂದ ಬಂದಿದ್ದಳು. ಹುಟ್ಟಿ ಬೆಳೆದದ್ದು ಒಹಾಯೋ ಸಂಸ್ಥಾನದಲ್ಲಾದರೂ ಕನ್ನಡ ಬಿಟ್ಟಿಲ್ಲ. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿ. ಏನು ಓದುತ್ತೀಯಮ್ಮಾ ಎಂದು ಕೇಳಿದರೆ “ಪ್ರೀ-ಮೆಡ್ ಮಾವ” ಎಂದಳು. ಅದೊಂದು ಡಿಗ್ರಿಯೇ ಇರಬೇಕೆಂದು ನಾವು ತಿಳಿದೆವು. ಅಲ್ಲವಂತೆ. ಅಲ್ಲಿ ವೈದ್ಯಕೀಯ ಕಾಲೇಜು ಸೇರುವುದು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿದ ಮೇಲೆ. ಆ ನಾಲ್ಕು ವರ್ಷದಲ್ಲಿ ಯಾವ ವಿಷಯದಲ್ಲಿ ಬೇಕಾದರೂ ಪದವಿ ಪಡೆಯಬಹುದು, ಇತಿಹಾಸವೂ ಆದೀತು, ಸಂಗೀತವೂ ಆದೀತು. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯ ಸಮೇತ ಓದಿ ಮುಗಿಸಿರಬೇಕು. ಹಾಗೆ ಸಿದ್ಧವಾಗುತ್ತಿರುವವರಿಗೆ ಈ ಹೆಸರು, ಅಷ್ಟೇ.

ಈ ಪದ್ಧತಿ ಅಲ್ಲಿಯೂ ಮೊದಲಿನಿಂದ ಇದ್ದುದಲ್ಲ. 1893ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆ ಪ್ರಾರಂಭವಾದಾಗ, ಪದವಿ ಪಡೆದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಮಾಡಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್ನರ್ ಎಂಬವರು ಆ ದೇಶದ ವೈದ್ಯಕೀಯ ಶಾಲೆಗಳ ಮೇಲೆ ಬರೆದ ಕಟುವಾದ ವರದಿ ಬಂದ ಮೇಲೆ, ಮೊದಲು ಕಾಲೇಜು ಆಮೇಲೆ ವೈದ್ಯಕೀಯ ಎಂಬುದು ಬೇರೂರಿತು.

ಹುಡುಗಿ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು, ನಾಲ್ಕು ಅಡಿಕೆಗೆ ಒಂದನ್ನು ಹಾಳು ಮಾಡುತ್ತ, ತನ್ನ ಎರಡನೆಯ ವರ್ಷದ ಕತೆ ಹೇಳಿದಳು. ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂಬುದು ಅಲ್ಲಿ ವೈದ್ಯರಾಗಬೇಕೆಂದವರಿಗೆಲ್ಲ ದೊಡ್ಡ ಗುಮ್ಮ. ಕಳೆ ಕೀಳುವ ಕ್ಲಾಸು ಎಂದೇ ಹುಡುಗರು ಅದನ್ನು ಕರೆಯುವುದಂತೆ. ಹೈಸ್ಕೂಲಿನಲ್ಲಿ ಎಂದೂ ಎರಡನೆಯ ಸ್ಥಾನಕ್ಕಿಳಿಯದ ಈಕೆ ನೂರಾರು ರಾಸಾಯನಿಕ ಕ್ರಿಯೆಗಳನ್ನು ಚೀಟಿಗಳಲ್ಲಿ ಬರೆದು ಬಾಯಿಪಾಠ ಮಾಡಿದಳು. ಮೊದಲ ಪರೀಕ್ಷೆಯಲ್ಲಿ ಬಂದದ್ದು ‘ಸಿ’.

ಅಲ್ಲಿನ ಅಧ್ಯಾಪಕರು ವಾರದಲ್ಲಿ ಇಂತಿಷ್ಟು ಗಂಟೆ ಕೋಣೆಯ ಬಾಗಿಲು ತೆರೆದು ಕೂತಿರುತ್ತಾರೆ, ಯಾವ ವಿದ್ಯಾರ್ಥಿಯೂ ಹೋಗಿ ಕೇಳಬಹುದು. ನಾಚಿಕೆಯಿಂದ ಎರಡು ವಾರ ಆ ಬಾಗಿಲ ತನಕ ಹೋಗಿ ಹೋಗಿ ಹಿಂತಿರುಗಿದಳಂತೆ. ಕೊನೆಗೊಂದು ದಿನ ಒಳಗೆ ಹೋದಾಗ ಆ ಅಧ್ಯಾಪಕರು ಸರಿಯುತ್ತರ ಹೇಳಿಕೊಡಲಿಲ್ಲ. ಸೀಮೆಸುಣ್ಣ ಕೈಗೆ ಕೊಟ್ಟು, ನಿನ್ನ ತಪ್ಪು ಉತ್ತರವನ್ನೇ ಬೋರ್ಡಿನ ಮೇಲೆ ಬರೆ, ಹಾಗೇಕೆ ಬರೆದೆ ಹೇಳು ಎಂದರು. ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣದ ಗುರುತು ಹಾಕುತ್ತ ಹೋದಾಗ, ಮೂರನೆಯ ಬಾಣದಲ್ಲಿ ತಪ್ಪು ತಾನಾಗಿ ಕಂಡಿತು. “ಅವತ್ತಿನ ತನಕ ನಾನು ಓದಿದ್ದು ಓದೇ ಅಲ್ಲ ಮಾವ” ಎಂದಳು. ಆಮೇಲೆ ನಾಲ್ಕು ಜನ ಗೆಳತಿಯರು ಸೇರಿ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳತೊಡಗಿದರು. ವರ್ಷದ ಕೊನೆಗೆ ‘ಬಿ’ ಬಂತು. ‘ಎ’ ಬರಲಿಲ್ಲ, ಅದನ್ನೂ ಆಕೆ ಮುಚ್ಚಿಡಲಿಲ್ಲ.

ಇದರ ನಡುವೆ ಶನಿವಾರಗಳಂದು ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ರೋಗಿಗಳ ಗಾಲಿ ಕುರ್ಚಿ ತಳ್ಳುವ ಕೆಲಸ. ಸಮಾಜಶಾಸ್ತ್ರದ ಒಂದು ಪಾಠ ಬೇರೆ. ಅಲ್ಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟಿನಲ್ಲಿ 2015ರಿಂದ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳೂ ಸೇರಿವೆ. ವಿಜ್ಞಾನದ ಸುಳಿವೇ ಇಲ್ಲದ ಗದ್ಯವನ್ನು ಓದಿ ಅರ್ಥ ಹೇಳುವ ಭಾಗವೂ ಒಂದಿದೆ.

ಇಷ್ಟು ಹೇಳುವಾಗ ನಮ್ಮ ಮಗ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಎರಡು ಸಲ ನೀಟ್ ಬರೆದು ಅಂಕ ಸಾಲದೆ, ಮೂರನೆಯ ಸಲಕ್ಕೆ ಕೋಚಿಂಗಿನಲ್ಲಿದ್ದು, ನಾಲ್ಕು ದಿನಕ್ಕೆಂದು ಮನೆಗೆ ಬಂದಿದ್ದ. ಆ ಎರಡು ವರ್ಷದ ಫೀಸಿಗೆ ನಮ್ಮ ಮೆಣಸೂ ಹೋಗಿತ್ತು, ರಾಶಿ ಅಡಿಕೆಯ ಮೇಲೆ ಮುಂಗಡವೂ ಬಿದ್ದಿತ್ತು. ಅವನು ಆ ಹುಡುಗಿಯನ್ನು ಕೇಳಿದ್ದು ಒಂದೇ ಮಾತು: “ನಿಂಗೆ ಸಿ ಬಂದಾಗ ಮನೇಲಿ ಏನಂದ್ರು?”

“ಅಮ್ಮ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಮಾತಾಡಿದ್ರು.”

ನಾವು ತಲೆಯೆತ್ತದೆ ಅಡಿಕೆ ಸುಲಿಯುತ್ತಿದ್ದೆವು. ಎರಡನೆಯ ಫಲಿತಾಂಶ ಬಂದಂದಿನಿಂದ ಅವನೊಡನೆ ಊಟಕ್ಕೆ ಬಾ, ದುಡ್ಡು ಕಟ್ಟಿದೆ ಎಂಬೆರಡು ಮಾತು ಬಿಟ್ಟು ಬೇರೆ ಆಡಿರಲಿಲ್ಲವೆಂಬುದನ್ನು ಇಲ್ಲಿ ಬರೆಯಲು ನಮಗೆ ಸಂಕೋಚವಿದೆ. ಆದರೂ ಬರೆಯುತ್ತಿದ್ದೇವೆ. ಇಂಥ ಮನೆ ನಮ್ಮದೊಂದೇ ಅಲ್ಲವೆಂದು ಬಲ್ಲೆವು.

ಅಮೆರಿಕವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅಲ್ಲಿಯೂ ಒಂದು ವರ್ಷ ಅರ್ಜಿ ಹಾಕಿದವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಮಾತ್ರ ಪ್ರವೇಶ ಸಿಗುತ್ತದೆ. ಸಾಲ ಮಾಡಿ ವೈದ್ಯರಾದವರ ತಲೆಯ ಮೇಲೆ ಎರಡು ಲಕ್ಷ ಡಾಲರಿನ ಆಸುಪಾಸು ಹೊರೆ ಇರುವುದು ಸಾಮಾನ್ಯ. ಈ ಹುಡುಗಿಗೂ ಮೊದಲ ಅರ್ಜಿಯಲ್ಲಿ ಸೀಟು ಸಿಗಲಿಲ್ಲ. ಪದವಿ ಮುಗಿಸಿ, ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದು, ಮತ್ತೆ ಅರ್ಜಿ ಹಾಕಿದ್ದಾಳೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆಕೆಗೆ ಸೀಟು ಸಿಗದಿದ್ದರೂ ಕೈಯಲ್ಲೊಂದು ಪದವಿಯಿದೆ, ಮಾಡಲು ಕೆಲಸವಿದೆ, ಓದುವುದು ಹೇಗೆಂಬ ತಿಳಿವಳಿಕೆಯಿದೆ. ನಮ್ಮ ಹುಡುಗರು ಮೂರು ವರ್ಷ ಒಂದೇ ಪುಸ್ತಕ ತಿರುವಿ ಹೊರಬಂದರೆ ಅವರ ಕೈಯಲ್ಲಿ ಇರುವುದು ದ್ವಿತೀಯ ಪಿಯುಸಿಯ ಅಂಕಪಟ್ಟಿ ಮಾತ್ರ.

2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷ ಚಿಲ್ಲರೆ. ಉತ್ತರಿಸಬೇಕಾದದ್ದು 180 ಪ್ರಶ್ನೆ, 720 ಅಂಕ, ತಪ್ಪಿಗೊಂದು ಅಂಕ ಕಡಿತ. ಎಲ್ಲರೂ ಚೆನ್ನಾಗಿ ಓದಿದರೂ ಇಪ್ಪತ್ತೆರಡು ಲಕ್ಷ ಮಂದಿ ಹೊರಗೇ ಉಳಿಯಬೇಕಾದ ಲೆಕ್ಕವಿದು. ಇದನ್ನು ಮಕ್ಕಳ ಸೋಮಾರಿತನವೆಂದು ಕರೆಯುವುದು ನ್ಯಾಯವಲ್ಲ. ಮತ್ತೊಮ್ಮೆ ಬರೆಯಬಾರದೆಂದೂ ನಾವು ಹೇಳುವುದಿಲ್ಲ. ಕಾಲೇಜು ಸೇರಿಕೊಂಡೇ ಬರೆಯಲಿ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ನಾವು, ನಡುವೆ ಬಾಳೆ ಹಾಕದೆ ನೆಲವನ್ನು ಖಾಲಿ ಬಿಡುತ್ತೇವೆಯೇ?

ನಮ್ಮ ಮಗ ಆ ಬೇಸಿಗೆಯಲ್ಲಿ ಮೂರನೆಯ ಸಲ ಬರೆದ. ಆಗಲಿಲ್ಲ. ಬಿ.ಎಸ್‌ಸಿ. ಸೇರಿದ. ಈಗ ಎರಡನೆಯ ವರ್ಷ. ಮೊದಲ ಆರು ತಿಂಗಳು ಊರವರ ಕಣ್ಣಿಗೆ ಬೀಳದಂತೆ ರಾತ್ರಿ ಬಸ್ಸಿಗೆ ಬಂದು ರಾತ್ರಿ ಬಸ್ಸಿಗೇ ಹೋಗುತ್ತಿದ್ದ. ಮೊನ್ನೆ ಫೋನು ಮಾಡಿ, “ಅಪ್ಪಾ, ಕೊಳೆ ರೋಗ ತರೋದು ನಿಜವಾದ ಶಿಲೀಂಧ್ರ ಅಲ್ವಂತೆ, ಪಾಚಿಗೆ ಹತ್ತಿರದ ನೆಂಟ. ಇವತ್ತು ಮೈಕ್ರೊಸ್ಕೋಪಿನಲ್ಲಿ ನೋಡಿದ್ವಿ. ನೀರಲ್ಲಿ ಅದರ ಬೀಜ ಈಜ್ತದೆ!” ಎಂದ. ಇಷ್ಟು ವರ್ಷ ಬೋರ್ಡೋ ಹೊಡೆದ ನಮಗೆ ಅದು ತಿಳಿದಿರಲಿಲ್ಲ. ಮಳೆಗಾಲದಲ್ಲೇ ಕೊಳೆ ಏಕೆ ಮರದಿಂದ ಮರಕ್ಕೆ ಹಬ್ಬುತ್ತದೆಂದು ಅರ್ಧ ಗಂಟೆ ಹೇಳಿದ. ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ಕೇಳಿ ನಮಗೆ ಮೂರು ವರ್ಷವಾಗಿತ್ತು.

ಇನ್ನು ಸಂಘದ ವಿಷಯ. ಪ್ರತಿವರ್ಷ ಮಹಾಸಭೆಯಲ್ಲಿ ಸದಸ್ಯರ ಮಕ್ಕಳನ್ನು ಸನ್ಮಾನಿಸುವ ಪದ್ಧತಿಯಿದೆ. ಡಾಕ್ಟರ್, ಇಂಜಿನಿಯರ್ ಸೀಟು ಪಡೆದವರ ಭಾವಚಿತ್ರವನ್ನು ಈ ಪತ್ರಿಕೆಯಲ್ಲೇ ನಾವು ಅಚ್ಚು ಹಾಕುತ್ತ ಬಂದಿದ್ದೇವೆ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಈ ಸಲ ಬಿ.ಎಸ್‌ಸಿ., ಬಿ.ಎ., ಬಿ.ಕಾಂ., ಡಿಪ್ಲೊಮಾ ಯಾವುದನ್ನೇ ಮುಗಿಸಿದವರಿರಲಿ, ಅವರೆಲ್ಲರ ಹೆಸರನ್ನೂ ಓದಬೇಕು. ಕೋಚಿಂಗಿಗೆ ಫಸಲಿನ ಮೇಲೆ ಮುಂಗಡ ಕೊಡುವಾಗ ಒಪ್ಪುವಷ್ಟೇ ಸಲೀಸಾಗಿ ಪದವಿ ಶಿಕ್ಷಣಕ್ಕೂ ಕೊಡಬೇಕು ಎಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ. ವಿಷಯ ಮಹಾಸಭೆಯ ಮುಂದೆ ಬರಲಿದೆ. ಒಪ್ಪುವವರೂ ಒಪ್ಪದವರೂ ಅಂದು ಊಟದ ಹೊತ್ತಿಗಲ್ಲ, ಸಭೆ ಪ್ರಾರಂಭವಾಗುವ ಹೊತ್ತಿಗೇ ಬರಬೇಕಾಗಿ ಕೋರುತ್ತೇವೆ. ಸಾಧ್ಯವಾದರೆ ಮಕ್ಕಳನ್ನೂ ಕರೆತನ್ನಿ.