ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?



ಕೃಷ್ಣಾ-ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿನಲ್ಲಿ ಈಚೆಗೆ ಜೀರ್ಣೋದ್ಧಾರವಾಗದ ಗುಡಿಯೇ ಅಪರೂಪವಾಗಿರುವದು. ದೇವಸುಗೂರಿನಿಂದ ಮಾನ್ವಿ, ದೇವದುರ್ಗಗಳ ಕಡೆಗೆ ಹೊರಟವನಿಗೆ ದಾರಿಯುದ್ದಕ್ಕೂ ಹೊಸ ಬಣ್ಣದ ಗೋಪುರಗಳು ಕಾಣಿಸುವವು. ಭಕ್ತರ ಶ್ರದ್ಧೆಯನ್ನು ನಾನು ನಿಂದಿಸೆನು. ಆದರೆ ಆ ಶ್ರದ್ಧೆಯ ಹೆಸರಿನಲ್ಲಿ ನಡೆದಿರುವ ಕೆಲಸಕ್ಕೆ ಜೀರ್ಣೋದ್ಧಾರವೆಂಬ ಶಬ್ದವು ಸಲ್ಲದೆಂಬದೇ ನನ್ನ ವಾದವು.

ಉದ್ಧಾರವೆಂದರೆ ಬಿದ್ದುದನ್ನು ಮೇಲಕ್ಕೆತ್ತುವದು, ಇದ್ದುದನ್ನು ಕಿತ್ತೊಗೆಯುವದಲ್ಲ. ಮಯಮತವೆಂಬ ವಾಸ್ತುಗ್ರಂಥದಲ್ಲಿ ಈ ಕಾರ್ಯಕ್ಕೆ ‘ಅನುಕರ್ಮ’ವೆಂದು ಹೆಸರು. ಹಿಂದಿನವರು ಮಾಡಿದ್ದನ್ನು ಅನುಸರಿಸಿ ಮಾಡುವ ಕರ್ಮವೇ ಅನುಕರ್ಮವು. ಹಳೆಯ ಕಂಬಕ್ಕೆ ಎಣ್ಣೆಬಣ್ಣ ಬಳಿದು, ಗೋಡೆಗೆ ನುಣುಪು ಹಾಸುಗಲ್ಲು ಮೆತ್ತಿ, ಯಂತ್ರದಿಂದ ಮರಳು ಸಿಡಿಸಿ ಕಲ್ಲಿನ ಮೈಯನ್ನೇ ಸುಲಿಯುವದು ಯಾವ ಶಾಸ್ತ್ರದ ಅನುಕರ್ಮವು?

ಒಂದು ನಿದರ್ಶನವನ್ನು ಅರಿಕೆಮಾಡುವೆನು. ಊರ ಹೆಸರು ಬೇಡ. ಅಲ್ಲಿಯ ಗುಡಿಯ ಬಾಗಿಲ ಮಗ್ಗುಲಿಗೆ ಆಳೆತ್ತರದ ಶಾಸನದ ಕಲ್ಲು ಇದ್ದಿತು. ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಹಸುಕರುಗಳ ಚಿತ್ರ. ಉಪಾಧ್ಯಾಯನಾಗಿದ್ದಾಗ ಹುಡುಗರನ್ನು ಕರೆದೊಯ್ದು, ಅಕ್ಷರಗಳ ಕುಣಿಯಲ್ಲಿ ಹಿಟ್ಟು ತುಂಬಿ ಓದಿಸಿದ್ದೆನು. ಐದು ಸಾಲುಗಳನ್ನು ಬರೆದುಕೊಳ್ಳುವಷ್ಟರಲ್ಲಿ ಹೊತ್ತು ಮುಳುಗಿತು. ಕಲ್ಲು ಎಲ್ಲಿಗೆ ಹೋದೀತು, ಇನ್ನೊಮ್ಮೆ ಬಂದರಾಯಿತೆಂದು ಮರಳಿದೆನು. ಮುಂದೆ ಹೋದಾಗ ಆ ಕಲ್ಲು ಯಂತ್ರದಿಂದ ಉಜ್ಜಲ್ಪಟ್ಟು ಮೆಟ್ಟಿಲಾಗಿದ್ದಿತು. ಉಳಿದ ಸಾಲುಗಳನ್ನು ಇನ್ನು ಯಾರೂ ಓದಲಾರರು. ಇದರಲ್ಲಿ ನನ್ನ ಆಲಸ್ಯದ ಪಾಲೂ ಉಂಟು. ಅದನ್ನು ಮುಚ್ಚಿಟ್ಟು ಇತರರನ್ನು ಖಂಡಿಸುವ ಅಧಿಕಾರ ನನಗಿಲ್ಲ.

ಒಂದು ಕಲ್ಲು ಹೋದರೆ ಏನಾಯಿತೆಂದು ಕೇಳುವವರು ನಮ್ಮ ಜಿಲ್ಲೆಯ ಮಸ್ಕಿಯನ್ನು ನೆನೆಯಲಿ. 1915ರವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಆ ವರ್ಷ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯಲ್ಲಿ ಕಂಡ ಬಂಡೆಯಲ್ಲಿ ಆ ಹೆಸರು ಮೊಟ್ಟಮೊದಲು ಸಿಕ್ಕಿತು. ಪ್ರಿಯದರ್ಶಿಯೇ ಅಶೋಕನೆಂಬದು ಸ್ಥಿರವಾಯಿತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಾವಲಿಲ್ಲದೆ ಆ ಅಕ್ಷರಗಳು ಉಳಿದದ್ದು ಹೇಗೆ? ಯಾರೂ ಅವನ್ನು ‘ಉದ್ಧಾರ’ ಮಾಡಲು ಹೋಗಲಿಲ್ಲ, ಅಷ್ಟೆ! ರಾಯಚೂರ ಕೋಟೆಯ 1294ರ ಶಾಸನವನ್ನು ನೋಡಿರಿ. ನಲವತ್ತು ಅಡಿಗೂ ಮಿಕ್ಕ ಉದ್ದದ ಕಲ್ಲು. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಸೇನಾನಿ ವಿಠ್ಠಲನಾಥನು ಕೋಟೆ ಕಟ್ಟಿಸಿದ ಸಂಗತಿಯು ಅದರಲ್ಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಸಿದ ಬಗೆಯ ಚಿತ್ರವೂ ಅಲ್ಲಿಯೇ ಕೊರೆಯಲ್ಪಟ್ಟಿದೆ. ಇವು ಅಳಿದಿದ್ದರೆ ಯಾವ ಪುಸ್ತಕವು ನಮಗೆ ಇದನ್ನು ತಿಳಿಸುತ್ತಿದ್ದಿತು?

ದೇವಾಲಯವು ವಸ್ತುಸಂಗ್ರಹಾಲಯವಲ್ಲ, ಪೂಜಾಸ್ಥಾನವೆಂದು ಕೆಲವರು ಹೇಳುವರು. ಸತ್ಯವು. ಪೂಜೆ ನಿಲ್ಲಲೆಂದು ಹೇಳಿದವರಾರು? ಭಿನ್ನವಾದದ್ದು ಅಮಂಗಲವೆಂದು ಮತ್ತೆ ಕೆಲವರು. ಅದು ಮೂರ್ತಿಯ ಮಾತು. ಶಾಸನವು ಮೂರ್ತಿಯಲ್ಲ, ದೇವರ ಆಸ್ತಿಯ ದಸ್ತೈವಜು. ಮನೆಯ ಹಕ್ಕುಪತ್ರ ಮಾಸಿದೆಯೆಂದು ಒಲೆಗೆ ಹಾಕುವವರುಂಟೆ? ಇದು ಸರಕಾರದ ಕೆಲಸವೆಂಬದು ಮೂರನೆಯ ಆಕ್ಷೇಪವು. 1958ರ ಕೇಂದ್ರದ ಕಾಯಿದೆ, 1961ರ ರಾಜ್ಯದ ಕಾಯಿದೆಗಳು ಘೋಷಿತ ಸ್ಮಾರಕಗಳಿಗೆ ಕಾವಲಾಗಿವೆ. ಹಳ್ಳಿಯ ಹನುಮಂತನ ಗುಡಿಯ ಮುಂದಿನ ಹೆಸರಿಲ್ಲದ ಕಲ್ಲಿಗೆ ಊರವರೇ ಕಾವಲು.

ಮಾಡತಕ್ಕದ್ದು ಕಠಿಣವೇನಲ್ಲ. ಕೆಲಸಕ್ಕೆ ಕೈಯಿಡುವ ಮೊದಲು ಅಕ್ಷರವುಳ್ಳ ಪ್ರತಿಯೊಂದು ಕಲ್ಲಿನ ಛಾಯಾಚಿತ್ರ ತೆಗೆಯಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಬಣ್ಣ, ಸುಣ್ಣ, ಯಂತ್ರಗಳು ಅದರ ಹತ್ತಿರ ಸುಳಿಯಬಾರದು. ಕದಲಿಸುವದು ಅನಿವಾರ್ಯವಾದರೆ ಸ್ಥಳವನ್ನು ಗುರುತಿಟ್ಟು ಕದಲಿಸಬೇಕು. ಶ್ರೀಶೈಲದ ಅಣೆಕಟ್ಟಿನ ನೀರಿಗೆ ಸಿಕ್ಕುತ್ತಿದ್ದ ಕೂಡವೆಲ್ಲಿಯ ಸಂಗಮೇಶ್ವರನ ಗುಡಿಯನ್ನೇ ಬಿಚ್ಚಿ, ನಮ್ಮ ನೆರೆಯ ಆಲಂಪುರದಲ್ಲಿ ತಿರುಗಿ ನಿಲ್ಲಿಸಿರುವರು. ಇಡೀ ಗುಡಿಗೆ ಸಾಧ್ಯವಾದದ್ದು ಒಂದು ಕಲ್ಲಿಗೆ ಆಗದೆ?

ದಾನಶಾಸನಗಳ ಕೊನೆಗೆ, ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗುವನೆಂಬ ಶಾಪವಿರುವದು. ಭೂಮಿಯನ್ನು ಕದ್ದವನಿಗೇ ಈ ಗತಿಯಾದರೆ, ದಾನದ ಸಾಕ್ಷಿಯನ್ನೇ ಅಳಿಸಿದವನ ಗತಿಯೇನು? ಸೂರ್ಯಚಂದ್ರರಿರುವವರೆಗೆ ನಿಲ್ಲಲೆಂದು ಹಿರಿಯರು ಕೊರೆಯಿಸಿದ್ದನ್ನು ನಾವು ಒಂದು ಜಾತ್ರೆಯ ಸಿಂಗಾರಕ್ಕಾಗಿ ಒರಸುತ್ತಿರುವೆವು. ನಿಮ್ಮ ಊರ ಗುಡಿಯ ಕಲ್ಲು ಇನ್ನೂ ನಿಂತಿದ್ದರೆ ಇಂದೇ ಹೋಗಿ ಬರೆದುಕೊಳ್ಳಿರಿ. ಐದು ಸಾಲಿಗೆ ನಿಲ್ಲಿಸಬೇಡಿರಿ.