ಇಬ್ಬರೇ ಕೂರುವ ಕಾರು



ಕಳೆದ ಸಂಚಿಕೆಯಲ್ಲಿ ಬೈಂಬಳೆ ಕರಿ ಬರೆದಿದ್ದೆ. ಮಾಡಿ ನೋಡಿದಿರಾ? ಈ ಸಲ ಒಲೆ ಆರಿಸಿ ರಸ್ತೆಗೆ ಬರೋಣ. ನಗಬೇಡಿ, ಕಾರಿನ ವಿಷಯ ಬರೆಯುತ್ತಿದ್ದೇನೆ!

ಆರು ವರ್ಷದ ಹಿಂದೆ ನಮ್ಮವರು ಹಳೆಯದೊಂದು ಸ್ಯಾನ್ ಸ್ಟಾರ್ಮ್ ಕಾರು ತಂದರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹೊದಿಕೆ. ಅತ್ತೆಯವರು ಅಂಗಳಕ್ಕೆ ಬಂದು, “ಇದರಲ್ಲಿ ಕಾಫಿ ಮೂಟೆ ಎಲ್ಲಿ ಇಡ್ತೀಯ? ಮನೇಲಿ ಐದು ಜನ ಇದ್ದೀವಿ” ಎಂದರು. ನಮ್ಮ ಕಕ್ಕಬೆಯಲ್ಲಿ ಗಾಡಿ ಎಂದರೆ ಜೀಪು ತಾನೆ? ನನಗೂ ಸಿಟ್ಟೇ ಬಂತು. ಆ ದುಡ್ಡಿಗೆ ಅಡುಗೆಮನೆಯ ಸೂರು ರಿಪೇರಿಯಾಗುತ್ತಿತ್ತಲ್ಲ!

ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹೊರತಂದ ಕಾರು ಇದು. ಗೋವಾದಲ್ಲಿ ಸ್ವಲ್ಪವೇ ತಯಾರಾದವು, ಈಗ ತಯಾರಿಲ್ಲ. ಎಂಜಿನ್ 1149 ಸಿ.ಸಿ.ಯ ರೆನೋ. ಮೈ ಮಾತ್ರ ತಗಡಲ್ಲ, ಫೈಬರ್‌ಗ್ಲಾಸ್. ಅಚ್ಚಿನ ಮೇಲೆ ಗಾಜಿನ ನಾರಿನ ಹಾಸು ಹಾಕಿ, ಅಂಟು ಬಳಿದು, ಪದರದ ಮೇಲೆ ಪದರ ಕೂರಿಸಿ ಒಣಗಿಸುವುದು. ಕಾಗದ, ಮೆಂತ್ಯ ಅರೆದು ನಾವು ಮೊರಕ್ಕೆ ಬಳಿಯುವುದಿಲ್ಲವೇ, ಹಾಗೇ! ಇಂಗ್ಲೆಂಡಿನ ಮಾರ್ಗನ್ ಕಾರುಗಳಿಗಂತೂ ಇವತ್ತಿಗೂ ಬಡಗಿಗಳು ಮರದ ಚೌಕಟ್ಟು ಕೂಡಿಸುತ್ತಾರೆ.

ಜೀಪಿನಲ್ಲಿ ಕಲಿತು, ಒಮ್ಮೆ ಚರಂಡಿಗೂ ಇಳಿಸಿ, ನಲವತ್ತೊಂದನೇ ವಯಸ್ಸಿಗೆ ಲೈಸೆನ್ಸ್ ಪಡೆದೆ. ಅಂದು ನಮ್ಮವರು ಮಾತಿಲ್ಲದೆ ಈ ಕಾರಿನ ಆರ್.ಸಿ.ಯನ್ನು ನನ್ನ ಹೆಸರಿಗೆ ಮಾಡಿಸಿದರು. ತೋಟ, ಗದ್ದೆ, ಮನೆ ಯಾವುದೂ ನನ್ನ ಹೆಸರಲ್ಲಿಲ್ಲ. ನನ್ನದೆನ್ನುವ ಮೊದಲ ಆಸ್ತಿ ಇದೇ.

ಮರುದಿನ ಒಬ್ಬಳೇ ನಾಪೋಕ್ಲಿಗೆ ಹೊರಟೆ. ಸೀಟು ತಗ್ಗು, ಕೈ ಚಾಚಿದರೆ ನೆಲ ಸಿಗುತ್ತದೇನೋ ಅನ್ನಿಸುತ್ತೆ. ಹೊದಿಕೆ ತೆಗೆದಿದ್ದೆ. ಕಾಫಿ ಹೂವಿನ ಕಾಲ, ಘಮಘಮ! ತಡಿಯಂಡಮೋಳು ಬೆಟ್ಟ ತಲೆಯೆತ್ತದೆಯೇ ಕಾಣುತ್ತಿತ್ತು. ದಾರಿಯುದ್ದಕ್ಕೂ “ಅಮ್ಮಾ, ಅದೆಲ್ಲಿ?” ಎನ್ನುವವರಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅಷ್ಟು ಹೊತ್ತು ನಾನು ಒಬ್ಬಳೇ ಕೂತಿದ್ದು ಅದೇ ಮೊದಲು.

ಮಲೆನಾಡಿನ ಸೋದರಿಯರಿಗೆ ಒಂದು ಕಿವಿಮಾತು. ಫೈಬರ್ ಮೈಗೆ ತುಕ್ಕಿಲ್ಲ, ಆದರೆ ಅಡಿಯ ಚಾಸಿ ಕಬ್ಬಿಣದ್ದು. ಮಳೆಗಾಲಕ್ಕೆ ಮುಂಚೆ ಕೆಸರು ತೊಳೆಸಿ, ತುಕ್ಕು ತಡೆಯುವ ಬಣ್ಣ ಹೊಡೆಸಬೇಕು. ಬಟ್ಟೆ ಹೊದಿಕೆ ಒದ್ದೆಯಿದ್ದಾಗ ಮಡಚಬಾರದು, ಬೂಷ್ಟು ಹಿಡಿಯುತ್ತೆ. ನಾನು ಮಡಚಿಟ್ಟು ಪಾಠ ಕಲಿತೆ!

ಒಂದು ದಿನ ಅತ್ತೆಯವರೇ ತಲೆಗೆ ವಸ್ತ್ರ ಕಟ್ಟಿಕೊಂಡು, “ಪಾಡಿ ಇಗ್ಗುತ್ತಪ್ಪನಲ್ಲಿಗೆ ಕರ್ಕೊಂಡು ಹೋಗು” ಎಂದರು. ಹೋಗುವಾಗ “ಮೆಲ್ಲಗೆ, ಮೆಲ್ಲಗೆ.” ಬರುವಾಗ “ಅಷ್ಟು ನಿಧಾನ ಯಾಕೆ?”

ಆ ವರ್ಷದ ಕೈಲ್‌ಪೊಳ್ದ್‌ಗೆ ಕೋವಿಗಳನ್ನು ಪೂಜೆಗಿಟ್ಟಿದ್ದೆವು. ನೋಡಿದರೆ ಕೋವಿಗಳ ಪಕ್ಕದಲ್ಲಿ ನನ್ನ ಕಾರಿನ ಕೀ, ಅದಕ್ಕೂ ಒಂದು ತೋಕ್ ಪೂ! ಇಟ್ಟವರು ಯಾರೆಂದು ನಾನು ಕೇಳಲಿಲ್ಲ.

ಸೂರು? ಮರುವರ್ಷ ರಿಪೇರಿಯಾಯಿತು. ನೀವೂ ಕಾರು ಕೊಳ್ಳಿ ಅನ್ನುತ್ತಿಲ್ಲ. ಮನೆಗೆ ಉಪಯೋಗವಿಲ್ಲದ್ದು ಅಂತ ನೀವು ಪಕ್ಕಕ್ಕಿಟ್ಟ ಆಸೆ ಯಾವುದು? ನನಗೆ ಬರೆದು ತಿಳಿಸಿ.