ಅನುಭವವಿಲ್ಲದವರಿಗೆ ಮದ್ದಿನ ಅಂಗಡಿಯಲ್ಲಿ ಕೆಲಸ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸಣ್ಣ ಬೆಳೆಗಾರರ ಮನೆಗಳಿಂದ ಡಿ. ಫಾರ್ಮಾ ಓದಲು ಹೋಗುವ ಹುಡುಗ ಹುಡುಗಿಯರಿದ್ದಾರೆ. ಒಂದೆರಡು ಎಕರೆ ತೋಟದ ಉತ್ಪತ್ತಿಯಲ್ಲಿ ಫೀಸು ಹೊಂದಿಸಿ, ಸಾಲದ ಕಂತನ್ನೂ ತಡೆದು ಓದಿಸಿದ ಮೇಲೆ, ಕೆಲಸ ಕೇಳಲು ಹೋದಲ್ಲೆಲ್ಲ ಮೊದಲು ಬರುವ ಪ್ರಶ್ನೆ ‘ಅನುಭವ ಉಂಟಾ?’ ಎಂಬುದೇ. ಕೆಲಸ ಕೊಡದೆ ಅನುಭವ ಬರುವುದೆಲ್ಲಿಂದ ಎಂಬ ತಂದೆತಾಯಿಯರ ಅಳಲು ನ್ಯಾಯವಾದದ್ದೇ. ಈ ಕುರಿತು ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಮೊದಲು ಕಾನೂನಿನ ಸ್ಥಿತಿ ತಿಳಿದಿರಬೇಕು. 1948ರ ಫಾರ್ಮಸಿ ಕಾಯಿದೆಯಂತೆ ಮೊದಲ ನೋಂದಣಿ ಪಟ್ಟಿ ಸಿದ್ಧವಾದಾಗ, ವೈದ್ಯರ ಚೀಟಿಯ ಪ್ರಕಾರ ಮದ್ದು ಕೂಡಿಸುವ ಕೆಲಸದಲ್ಲಿ 5 ವರ್ಷಕ್ಕೆ ಕಡಿಮೆಯಿಲ್ಲದ ಅನುಭವವಿದ್ದ ಕಂಪೌಂಡರರಿಗೂ ಅದರಲ್ಲಿ ಸ್ಥಾನವಿತ್ತು. ಅನುಭವವೇ ಅರ್ಹತೆಯಾಗಿದ್ದ ಆ ಬಾಗಿಲು ಎಂದೋ ಮುಚ್ಚಿತು. ಅಮೆರಿಕದಂಥ ದೇಶಗಳಲ್ಲಿ ಫಾರ್ಮಸಿ ಟೆಕ್ನಿಷಿಯನ್ ಎಂಬ ಬೇರೊಂದು ವರ್ಗವಿದ್ದು, ಕೆಲಸ ಮಾಡುತ್ತಲೇ ಅದನ್ನು ಕಲಿಯುವ ಅವಕಾಶವುಂಟು. ನಮ್ಮ ಕಾಯಿದೆಯಲ್ಲಿ ಅಂಥ ವರ್ಗವಿಲ್ಲ. ವೈದ್ಯರ ಚೀಟಿಗೆ ಮದ್ದು ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟನಿಗೆ ಮಾತ್ರ. ಆದುದರಿಂದ ಹತ್ತು ವರ್ಷ ಅಂಗಡಿಯಲ್ಲಿ ನಿಂತವನಿಗಿಲ್ಲದ ಅಧಿಕಾರ, ಡಿ. ಫಾರ್ಮಾ ಮುಗಿಸಿ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ದಾಖಲಿಸಿದ ನಮ್ಮ ಮಗುವಿಗಿದೆ. ಅಂಗಡಿಗೆ ಅವರ ಅವಶ್ಯಕತೆ ಇದೆಯೆಂಬುದನ್ನು ಮರೆಯಬಾರದು.

ಇನ್ನು ಅನುಭವದ ಮಾತು. ಎರಡು ವರ್ಷದ ಪಾಠದ ಜೊತೆಗೆ, ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಈ ಡಿಪ್ಲೊಮಾದ ಭಾಗವೇ ಆಗಿದೆ. ದಿನಕ್ಕೆ 7 ಗಂಟೆಯಂತೆ ತಿಂಗಳಿಗೆ 24 ದಿನ ಹೋದರೆ ಅದು ಪೂರ್ತಿಯಾಗುತ್ತದೆ. ಈ ಗಂಟೆಗಳನ್ನು ನಿಜವಾಗಿ ನಿಂತು ಕಲಿತವನು ಅನುಭವವಿಲ್ಲದವನಲ್ಲ. ಪುಸ್ತಕದಲ್ಲಿ ಸಹಿ ಮಾತ್ರ ಹಾಕಿಸಿಕೊಂಡವನು ಸರ್ಟಿಫಿಕೇಟಿದ್ದರೂ ಬರಿಗೈಯವನೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಬಾಯಿಪಾಠ ಮಾಡಿದವನ ಕೈಗೆ ನಾವು ಮೊದಲ ದಿನವೇ ಸಿಂಪರಣೆಯ ಹೊಣೆ ಕೊಡುವುದಿಲ್ಲ. ಅಂಗಡಿಯವರ ಹಿಂಜರಿಕೆಯೂ ಇಂಥದೇ.

ಆದುದರಿಂದ ತರಬೇತಿಯ ಸಮಯದಲ್ಲಿ ಮಗ ಅಥವಾ ಮಗಳು ಏನು ಕಲಿತರೆಂದು ಮನೆಯವರು ವಿಚಾರಿಸಬೇಕು. ವೈದ್ಯರ ಅಕ್ಷರ ಓದಲು ಬಂತೇ? ಕಂಪೆನಿಯ ಹೆಸರಿನ ಹಿಂದಿರುವ ಮೂಲ ಮದ್ದಿನ ಹೆಸರು ಗೊತ್ತಾಯಿತೇ? ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಮೊದಲು ಅವಧಿ ಮುಗಿಯುವ ಮಾಲು ಮೊದಲು ಹೋಗಬೇಕು, 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಮದ್ದುಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು ಎಂಬಿವೆಲ್ಲ ಕೈಗೆ ಹತ್ತಿದವೇ? ಇದರೊಂದಿಗೆ ತುಳು, ಬ್ಯಾರಿ, ಕೊಂಕಣಿ ಮಾತನಾಡುವ ಹಿರಿಯರಿಗೆ ಅವರವರ ಮಾತಿನಲ್ಲೇ ‘ಇದು ಊಟದ ಮೊದಲು, ಇದು ಊಟದ ನಂತರ’ ಎಂದು ತಿಳಿಸಬಲ್ಲವರನ್ನು ಯಾವ ಅಂಗಡಿಯೂ ಸುಮ್ಮನೆ ಹಿಂದಕ್ಕೆ ಕಳುಹಿಸಲಾರದು.

ಕೆಲಸ ಸಿಗದ ಬೇಸರದಲ್ಲಿ ಕೆಲವರು ಹಿಡಿಯುವ ಅಡ್ಡದಾರಿಯ ಬಗ್ಗೆ ಸ್ಪಷ್ಟವಾಗಿಯೇ ಹೇಳಬೇಕು. ಸರ್ಟಿಫಿಕೇಟನ್ನು ಯಾರದೋ ಅಂಗಡಿಯ ಗೋಡೆಗೆ ತೂಗಹಾಕಲು ಕೊಟ್ಟು, ತಿಂಗಳಿಗೆ ಇಷ್ಟೆಂದು ಬಾಡಿಗೆ ಪಡೆದು ಮನೆಯಲ್ಲಿ ಕುಳಿತಿರುವುದು ಅಪರಾಧ. ಅಲ್ಲಿ ಮದ್ದು ತಪ್ಪಿ ಯಾರಿಗಾದರೂ ಅಪಾಯವಾದರೆ ಹೊಣೆ ಹೆಸರಿದ್ದವರ ಮೇಲೂ ಬರುತ್ತದೆ; ನೋಂದಣಿಯಿಂದ ಹೆಸರು ತೆಗೆದುಹಾಕುವ ಅಧಿಕಾರವೂ ಪರಿಷತ್ತಿಗಿದೆ. ಅಲ್ಲದೆ ಹೀಗೆ ಬಾಡಿಗೆಗೆ ಹೋಗುವ ಒಂದೊಂದು ಸರ್ಟಿಫಿಕೇಟೂ ಮತ್ತೊಬ್ಬ ಬೆಳೆಗಾರನ ಮಗುವಿಗೆ ಸಿಗಬೇಕಾದ ಒಂದೊಂದು ಕೆಲಸವನ್ನು ಕಳೆಯುತ್ತದೆ.

ಮಕ್ಕಳಿಗೆ ಬುದ್ಧಿ ಹೇಳಿದರೆ ನಮ್ಮ ಕರ್ತವ್ಯ ಮುಗಿಯಲಿಲ್ಲ. 2023ರ ಜೂನ್‌ನಲ್ಲಿ ಕೇಂದ್ರ ಸರಕಾರವು ದೇಶದ 2000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯುವ ಅವಕಾಶ ಕೊಡಲು ನಿರ್ಧರಿಸಿತು. ಇದಕ್ಕೆ 120 ಚದರ ಅಡಿ ಜಾಗವೂ ಡಿ. ಫಾರ್ಮಾ ಅಥವಾ ಬಿ. ಫಾರ್ಮಾ ಓದಿದವರೂ ಬೇಕು. ಗೊಬ್ಬರ, ಮೈಲುತುತ್ತು ಮಾರುವ ನಮ್ಮ ವ್ಯವಸಾಯ ಸೇವಾ ಸಹಕಾರಿ ಸಂಘಗಳಿಗೆ ಅಷ್ಟು ಜಾಗ ಹೊರೆಯಲ್ಲ. ಎಲ್ಲ ಊರುಗಳಲ್ಲಿಯೂ ಇದಕ್ಕೆ ಸಾಕಷ್ಟು ವ್ಯಾಪಾರವಾಗದು ಎಂಬ ಆಕ್ಷೇಪ ಸರಿಯೇ. ಹಾಗಿದ್ದಲ್ಲಿ ಪೇಟೆಗೆ ಸಮೀಪದ ಸಂಘಗಳಾದರೂ ಮುಂದೆ ಬರಲಿ. ಅಲ್ಲಿ ಅನುಭವಿ ಫಾರ್ಮಸಿಸ್ಟರೊಬ್ಬರ ಜೊತೆಗೆ, ಆಗಷ್ಟೇ ಓದು ಮುಗಿಸಿದ ಸದಸ್ಯರ ಮಗುವೊಂದಕ್ಕೆ ಒಂದು ವರ್ಷದ ಸಂಬಳದ ಕೆಲಸ ಮೀಸಲಿಡಲಿ. ವರ್ಷ ಕಳೆದಾಗ ಸಂಘದ ಮುದ್ರೆಯುಳ್ಳ ಅನುಭವ ಪತ್ರ ಕೈಯಲ್ಲಿರುತ್ತದೆ. ಆ ಸ್ಥಾನ ಮುಂದಿನವರಿಗೆ ತೆರವಾಗುತ್ತದೆ. ಬೆಳ್ತಂಗಡಿಯಿಂದ ದಿನವೂ ಮಂಗಳೂರಿಗೆ ಬಸ್ಸು ಹಿಡಿಯಲಾಗದ ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಉಪಕಾರ.

ನಮ್ಮ ಅಡಿಕೆಗೆ ಮಾರುಕಟ್ಟೆಯಲ್ಲಿ ಕೇಳುವವರಿಲ್ಲದಿದ್ದಾಗ 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡವರು ನಾವು. ನಮ್ಮ ಮಕ್ಕಳ ವಿದ್ಯೆಗೂ ಒಂದು ಬಾಗಿಲು ತೆರೆಯುವುದು ನಮ್ಮಿಂದಾಗದ ಕೆಲಸವಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ತಮ್ಮ ತಮ್ಮ ಸಂಘಗಳಲ್ಲಿ ಈ ವಿಷಯವನ್ನು ಲಿಖಿತವಾಗಿ ಮಂಡಿಸಬೇಕಾಗಿ ವಿನಂತಿ.